ಹಾಪರ್ ಬಿಟ್ಟು ಬೇರೆ ಫೀಡ್ ಹಾಕಿದರೆ ಬಾಲ್ ಒಡೆಯುವುದು ನಿಲ್ಲುತ್ತದೆಯೇ?

ಪ್ರಶ್ನೆ: ಟೆಕ್ಸಾಸ್‌ನ ಡಲ್ಲಾಸ್ ಬಳಿ, ವಾರಾಂತ್ಯಗಳಲ್ಲಿ ಕಾಡಿನ ಮೈದಾನದಲ್ಲಿ ಪೇಂಟ್‌ಬಾಲ್ ಆಡುತ್ತೇನೆ. ನನ್ನದು ಟಿಪ್‌ಮನ್ 98 ಕಸ್ಟಮ್ ಮಾರ್ಕರ್ (ಬಣ್ಣದ ಬಾಲ್ ಹೊಡೆಯುವ ಬಂದೂಕು), ಸಿಒ2 ಟ್ಯಾಂಕ್, ಮೇಲೆ 200 ಬಾಲ್ ಹಿಡಿಯುವ ಸಾದಾ ಹಾಪರ್ ಡಬ್ಬಿ. ಬೇಗಬೇಗ ಹೊಡೆಯುವಾಗ ಬಾಲ್ ಒಳಗೇ ಒಡೆದು ಎಲ್ಲ ಬಣ್ಣದ ರಾಡಿಯಾಗುತ್ತದೆ. ಮರದ ಹಿಂದೆ ಎಷ್ಟೇ ಅಡಗಿದರೂ ಹಾಪರ್ ಹೊರಗೆ ಕಾಣಿಸಿ ಅದಕ್ಕೇ ಏಟು ಬಿದ್ದು ಔಟ್ ಆಗುತ್ತೇನೆ. ಬಾಲನ್ನು ಒಳಗೆ ಕಳಿಸುವ ಫೀಡ್ ಬದಲಿಸು, ಸೈಕ್ಲೋನ್, ವಾರ್ಪ್, ಕ್ಯೂ-ಲೋಡರ್, ಮ್ಯಾಗಜಿನ್ ಎಂದು ಒಬ್ಬೊಬ್ಬ ಗೆಳೆಯ ಒಂದೊಂದು ಹೇಳುತ್ತಾನೆ. ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ: ನೀವು ಹೇಳಿರುವ ಎರಡು ತೊಂದರೆಗಳಿಗೆ ಒಂದೇ ಮದ್ದಿಲ್ಲ. ಹಾಪರ್‌ಗೆ ಏಟು ಬೀಳುವುದು ಮಾರ್ಕರ್‌ನ ಆಕಾರದಿಂದ ಬರುವ ತೊಂದರೆ. ಫೀಡ್ ಬದಲಿಸಿದರೆ ಅದು ನಿಜಕ್ಕೂ ಕಡಿಮೆಯಾಗುತ್ತದೆ. ಬಾಲ್ ಒಡೆಯುವುದಕ್ಕೆ ಮಾತ್ರ 98 ಕಸ್ಟಮ್‌ನಲ್ಲಿ ಬಹುಪಾಲು ಫೀಡ್ ಕಾರಣವಲ್ಲ. ಸವೆದ ಡಿಟೆಂಟ್ (ಬಾಲ್ ಜಾರದಂತೆ ತಡೆಯುವ ತುಂಡು), ಹಳೆಯ ಪೇಂಟ್ (ಅಂದರೆ ಬಾಲ್‌ಗಳು), ಬಿಸಿಲಲ್ಲಿ ಒತ್ತಡ ಏರಿದ ಸಿಒ2, ಈ ಮೂರರಲ್ಲಿ ಒಂದು ಇದ್ದೇ ಇರುತ್ತದೆ. ಅದನ್ನು ನೋಡಿಕೊಳ್ಳದೆ ನೂರಾರು ಡಾಲರ್ ಕೊಟ್ಟು ಹೊಸ ಫೀಡ್ ಹಾಕಿದರೆ ಇನ್ನೂ ವೇಗವಾಗಿ ಬಾಲ್ ಒಡೆಯಬಹುದು, ಅಷ್ಟೇ.

ಮೊದಲು ಎಲ್ಲಿ ಒಡೆಯುತ್ತಿದೆ ಎಂದು ಪತ್ತೆ ಮಾಡಿ. ಮುಂದಿನ ಸಲ ಬಾಲ್ ಒಡೆದ ಕೂಡಲೇ ಆಟದಿಂದ ಹೊರಬಂದು, ಬ್ಯಾರಲ್‌ಗೆ ಕವರ್ ಹಾಕಿ, ಟ್ಯಾಂಕ್ ಕಳಚಿ, ಉಳಿದ ಗ್ಯಾಸನ್ನು ಸುರಕ್ಷಿತ ದಿಕ್ಕಿಗೆ ಹಾರಿಸಿ ಖಾಲಿ ಮಾಡಿ. ಆಮೇಲೆ ಹಾಪರ್ ತೆಗೆದು, ಬ್ಯಾರಲ್ ಬಿಚ್ಚಿ. ಬ್ಯಾರಲ್ ಒಳಗೆ ಉದ್ದಕ್ಕೂ ಬಣ್ಣ ಇದ್ದು ಬ್ರೀಚ್ (ಬ್ಯಾರಲ್ ಹಿಂದೆ ಬಾಲ್ ಕೂರುವ ಜಾಗ) ಸ್ವಚ್ಛವಾಗಿದ್ದರೆ ಬಾಲ್ ಸರಿಯಾಗಿಯೇ ಕೂತಿತ್ತು, ಹೊರಡುವಾಗ ಒಡೆದಿದೆ. ಅಂದರೆ ಪೇಂಟ್ ಪೆಡಸಾಗಿದೆ, ಇಲ್ಲವೇ ಬ್ಯಾರಲ್‌ಗೆ ದಪ್ಪವಾಗಿದೆ, ಇಲ್ಲವೇ ವೇಗ ಹೆಚ್ಚಾಗಿದೆ. ಬ್ರೀಚ್‌ನಲ್ಲಿ ಅರ್ಧ ಸಿಪ್ಪೆ ಸಿಕ್ಕು, ಬಾಲನ್ನು ಬ್ಯಾರಲ್‌ಗೆ ತಳ್ಳುವ ಬೋಲ್ಟ್‌ನ ಮುಖಕ್ಕೆ ಬಣ್ಣ ಮೆತ್ತಿದ್ದರೆ ಅದು ಚಾಪ್: ಬಾಲ್ ಪೂರ್ತಿ ಒಳಗೆ ಇಳಿಯುವ ಮುನ್ನವೇ ಬೋಲ್ಟ್ ಮುಂದೆ ಬಂದು ಕತ್ತರಿಸಿದೆ. ಹಾಪರ್ ಕೂರುವ ಕೊಳವೆಯಾದ ಫೀಡ್ ನೆಕ್‌ನಲ್ಲೋ ಹಾಪರ್‌ನಲ್ಲೋ ಬಣ್ಣವಿದ್ದರೆ ಬಾಲ್ ಮೊದಲೇ ಮೆತ್ತಗಾಗಿತ್ತು. ಈ ಮೂರರಲ್ಲಿ ಫೀಡ್ ಬದಲಿಸಿ ಸರಿಮಾಡಬಹುದಾದದ್ದು ಚಾಪ್ ಒಂದೇ, ಅದೂ ಎಲ್ಲ ಸಲವಲ್ಲ.

98 ಕಸ್ಟಮ್ ಓಪನ್ ಬೋಲ್ಟ್ ಮಾರ್ಕರ್. ಕಾಕ್ ಆಗಿರುವಾಗ, ಅಂದರೆ ಹೊಡೆಯಲು ಸಿದ್ಧವಾಗಿರುವಾಗ, ಬೋಲ್ಟ್ ಹಿಂದೆ ನಿಂತಿರುತ್ತದೆ, ಬಾಲ್ ಅದರ ಮುಂದೆ ಬ್ರೀಚ್‌ನಲ್ಲಿ ಕೂತಿರುತ್ತದೆ. ಅದು ಬ್ಯಾರಲ್ ಕಡೆಗೆ ಉರುಳದಂತೆ ತಡೆಯುವುದು ಒಂದು ಪುಟ್ಟ ರಬ್ಬರ್ ತುಂಡು, ಡಿಟೆಂಟ್. ಟಿಪ್‌ಮನ್ ಭಾಷೆಯಲ್ಲಿ ಬಾಲ್ ಲ್ಯಾಚ್. ಇದರ ತುದಿ ಸವೆದರೆ ಮೊದಲ ಬಾಲ್ ಸ್ವಲ್ಪ ಮುಂದೆ ಜಾರುತ್ತದೆ, ಖಾಲಿಯಾದ ಜಾಗಕ್ಕೆ ಎರಡನೆಯದು ಅರ್ಧ ಇಳಿಯುತ್ತದೆ, ಟ್ರಿಗರ್ ಎಳೆದಾಗ ಅದರ ಕುತ್ತಿಗೆ ಕತ್ತರಿಸುತ್ತದೆ. ನೋಡುವವರಿಗೆ ಫೀಡ್ ನಿಧಾನವಾಗಿದೆ ಅನ್ನಿಸುತ್ತದೆ. ಪರೀಕ್ಷೆ ಸುಲಭ: ಗ್ಯಾಸ್ ಇಲ್ಲದೆ, ಬ್ಯಾರಲ್ ಬಿಚ್ಚಿ, ಬೋಲ್ಟ್ ಹಿಂದೆಳೆದು ಕಾಕ್ ಮಾಡಿ, ಮೇಲಿನಿಂದ ಒಂದೇ ಬಾಲ್ ಹಾಕಿ, ಮೂತಿಯನ್ನು ನೆಲದ ಕಡೆ ಬಗ್ಗಿಸಿ ಮೆಲ್ಲಗೆ ಅಲುಗಿಸಿ. ಬಾಲ್ ಕೈಗೆ ಬಿದ್ದರೆ ಡಿಟೆಂಟ್ ಬದಲಿಸಿ. ಕೆಲವೇ ಡಾಲರ್‌ನ ಸಾಮಾನು. ಕಿಟ್‌ನಲ್ಲಿ ಯಾವಾಗಲೂ ಒಂದು ಹೆಚ್ಚುವರಿ ಇರಲಿ.

ಇನ್ನೊಂದು ಕಾರಣ ಕಡಿಮೆ ಜನ ನೋಡುತ್ತಾರೆ. ಬೋಲ್ಟ್ ಸವೆದಿದ್ದರೆ ಅಥವಾ ಪೂರ್ತಿ ಮುಂದೆ ಕೂರದಿದ್ದರೆ ಹೊಡೆದ ಗ್ಯಾಸಿನ ಒಂದು ಪಾಲು ಫೀಡ್ ನೆಕ್ ಮೂಲಕ ಮೇಲಕ್ಕೆ ನುಗ್ಗಿ ಕಾದು ಕೂತ ಬಾಲ್‌ಗಳನ್ನು ಎತ್ತುತ್ತದೆ. ಅವು ಮತ್ತೆ ಕೆಳಗಿಳಿಯುವಷ್ಟರಲ್ಲಿ ನೀವು ಮುಂದಿನ ಹೊಡೆತ ಹೊಡೆದಿರುತ್ತೀರಿ. ಹಾಪರ್ ತೆಗೆದು, ಫೀಡ್ ನೆಕ್‌ನಲ್ಲಿ ಎರಡು ಮೂರು ಬಾಲ್ ಮಾತ್ರ ಇಟ್ಟು, ಮುಖಕ್ಕೆ ಮಾಸ್ಕ್ ಹಾಕಿ, ನೆಕ್ ಮೇಲೆ ಬಗ್ಗದೆ ಪಕ್ಕದಿಂದ ನೋಡುತ್ತ ಗುರಿಹಲಗೆಗೆ ಒಂದು ಹೊಡೆಯಿರಿ. ಮೇಲಿನ ಬಾಲ್ ಚಂಗನೆ ನೆಗೆದರೆ ಗ್ಯಾಸ್ ಸೋರುತ್ತಿದೆ.

ಇವೆರಡೂ ಸರಿಯಿದ್ದರೆ ಆಗ ಫೀಡ್ ವೇಗದ ಲೆಕ್ಕಕ್ಕೆ ಬರೋಣ. .68 ಕ್ಯಾಲಿಬರ್ ಬಾಲ್‌ನ ವ್ಯಾಸ ಸುಮಾರು 17.3 ಮಿಮೀ, ತೂಕ ಹತ್ತಿರ ಹತ್ತಿರ 3 ಗ್ರಾಂ. ನಿಂತ ಬಾಲ್ ತನ್ನದೇ ವ್ಯಾಸದಷ್ಟು ಕೆಳಗೆ ಬೀಳಲು ಬರೀ ಗುರುತ್ವದಲ್ಲಿ ಸುಮಾರು 59 ಮಿಲಿಸೆಕೆಂಡ್ ಬೇಕು. ಅಂದರೆ ಏನೇ ಮಾಡಿದರೂ ಸೆಕೆಂಡಿಗೆ 16–17ಕ್ಕಿಂತ ಹೆಚ್ಚು ಬೀಳಲಾರವು. ನಡುವೆ ಬೋಲ್ಟ್ ಮುಂದೆ ಹೋಗಿ ಹಿಂದೆ ಬರುವಷ್ಟು ಹೊತ್ತು ದಾರಿ ಮುಚ್ಚಿರುತ್ತದೆ, ಗೋಡೆಯ ಘರ್ಷಣೆ ಬೇರೆ. ಹಾಗಾಗಿ ಸಾದಾ ಹಾಪರ್‌ನಿಂದ ಸೆಕೆಂಡಿಗೆ ಆರೇಳು, ಪುಣ್ಯವಿದ್ದರೆ ಎಂಟು ಬಾಲ್ ನೆಚ್ಚಬಹುದು. ಮೆಕ್ಯಾನಿಕಲ್ ಟ್ರಿಗರ್ ಮೇಲೆ ಸಾಮಾನ್ಯ ಆಟಗಾರನ ಬೆರಳು ಹೊಡೆಯುವುದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ನಿಮ್ಮ ಮಾರ್ಕರ್‌ಗೆ ಸರಾಸರಿ ವೇಗ ಸಾಲುತ್ತದೆ. ಸಾಲದಿರುವುದು ಕಂತು ತಪ್ಪದೆ ಬರುವುದು.

ಕಂತು ತಪ್ಪಲು ಕಾರಣ ಹಾಪರ್‌ನ ತಳದಲ್ಲಿ ಬಾಲ್‌ಗಳು ಒಂದಕ್ಕೊಂದು ಒರಗಿ ಕಮಾನು ಕಟ್ಟಿಕೊಳ್ಳುವುದು. ಸಣ್ಣ ಬಾಯಿಯ ಡಬ್ಬಿಯಿಂದ ಕಡಲೆಬೀಜ ಸುರಿಯುವಾಗ ಸಿಕ್ಕಿಕೊಳ್ಳುವ ಹಾಗೆ. ಆಟಗಾರರು ನಡುನಡುವೆ ಮಾರ್ಕರನ್ನು ಒಮ್ಮೆ ಅಲುಗಿಸುವುದು ಈ ಕಮಾನು ಒಡೆಯಲಿಕ್ಕೇ. 90ರ ದಶಕದಲ್ಲಿ ಬಂದ ವ್ಯೂಲೋಡರ್ ರೆವಲ್ಯೂಷನ್ ಈ ಕೆಲಸವನ್ನೇ ಮೋಟಾರ್‌ಗೆ ಒಪ್ಪಿಸಿತು. ನೆಕ್‌ನಲ್ಲಿ ಒಂದು ಇನ್‌ಫ್ರಾರೆಡ್ ಕಣ್ಣು. ಅಲ್ಲಿ ಬಾಲ್ ಕಾಣದಿದ್ದರೆ ಒಳಗಿನ ಪ್ಯಾಡಲ್ ತಿರುಗಿ ಕಲಕುತ್ತದೆ. ಇದು ಬಾಲನ್ನು ತಳ್ಳುವುದಿಲ್ಲ, ಬೀಳಲು ಬಿಡುತ್ತದೆ. ತಳ್ಳುವವು ಹೇಲೋ, ಡೈ ರೋಟರ್ ಜಾತಿಯ ಫೋರ್ಸ್ ಫೀಡ್ ಹಾಪರ್‌ಗಳು. ಅವು ಎಲೆಕ್ಟ್ರಾನಿಕ್ ಮಾರ್ಕರ್‌ಗಳಿಗಾಗಿ ಹುಟ್ಟಿದವು, ಅಲ್ಲಿ ಬ್ರೀಚ್‌ನಲ್ಲೂ ಕಣ್ಣಿರುತ್ತದೆ, ಬಾಲ್ ಪೂರ್ತಿ ಕೂರದೆ ಬೋಲ್ಟ್ ಮುಂದೆ ಬರುವುದೇ ಇಲ್ಲ. ನಿಮ್ಮ 98ರಲ್ಲಿ ಆ ಕಣ್ಣಿಲ್ಲ. ಜೊತೆಗೆ ಸದಾ ಹಿಂದಿನಿಂದ ಒತ್ತುವ ಸಾಲು ಬಡ ಡಿಟೆಂಟನ್ನು ದಾಟಿಸಿ ಎರಡು ಬಾಲ್ ನುಗ್ಗಿಸಬಹುದು. ನಿಮಗೆ ಸಾಕಾಗುವುದು ಬರೀ ಕಲಕುವ ಹಾಪರ್.

ಇನ್ನು ಗೆಳೆಯರು ಹೇಳಿದ ನಾಲ್ಕು. ಅವುಗಳನ್ನು ವೇಗದಿಂದ ಅಳೆಯಬೇಡಿ, ಬಾಲನ್ನು ತಳ್ಳುವುದು ಯಾವುದು ಎಂದು ಕೇಳಿ: ಗ್ಯಾಸೋ, ಮೋಟಾರೋ, ಸ್ಪ್ರಿಂಗೋ. ಅದು ಗೊತ್ತಾದರೆ ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಾಗುತ್ತದೆ.

ಸೈಕ್ಲೋನ್ ಗ್ಯಾಸಿನದು. ಟಿಪ್‌ಮನ್ ಎ-5ರ ಜೊತೆ ಹೆಸರಾದ ವ್ಯವಸ್ಥೆ. ಪ್ರತಿ ಹೊಡೆತದ ಗ್ಯಾಸಿನಲ್ಲಿ ಒಂದು ಚೂರು ತೆಳು ಹೋಸ್ ಮೂಲಕ ಪುಟ್ಟ ಪಿಸ್ಟನ್‌ಗೆ ಹೋಗುತ್ತದೆ. ಪಿಸ್ಟನ್ ಒಂದೇ ದಿಕ್ಕಿಗೆ ತಿರುಗಿಸುವ ರಾಚೆಟ್ ಒಂದನ್ನು ತಳ್ಳುತ್ತದೆ, ನಕ್ಷತ್ರದಾಕಾರದ ಚಕ್ರ ಒಂದು ಹಲ್ಲು ತಿರುಗಿ ಒಂದು ಬಾಲನ್ನು ಬ್ರೀಚ್‌ಗೆ ದೂಡುತ್ತದೆ. ಬ್ಯಾಟರಿ ಬೇಡ, ಒಂದು ಹೊಡೆತಕ್ಕೆ ಒಂದು ಬಾಲ್, ಲೆಕ್ಕ ತಪ್ಪುವುದಿಲ್ಲ. ಮೆಕ್ಯಾನಿಕಲ್ ಮಾರ್ಕರ್‌ಗೆ ಇದಕ್ಕಿಂತ ಚಂದದ ಉಪಾಯ ನನ್ನ ಮಟ್ಟಿಗೆ ಇಲ್ಲ. ಹಾಪರ್ ಪಕ್ಕಕ್ಕೆ ಬಂದು ತಗ್ಗುತ್ತದೆ, ಗುರಿ ನೋಡುವ ಗೆರೆ ಬಿಡುವಾಗುತ್ತದೆ. ಆದರೆ ಮರೆಯಬೇಡಿ, ಚಕ್ರದ ತನಕ ಬಾಲ್ ಬರುವುದು ಗುರುತ್ವದಿಂದಲೇ. ಮಾರ್ಕರನ್ನು ಪೂರ್ತಿ ಮಗ್ಗುಲಿಗೆ ವಾಲಿಸಿ ಹೊಡೆದರೆ ಚಕ್ರ ಖಾಲಿ ಹಲ್ಲು ತಿರುಗಿಸುತ್ತದೆ.

ಸೈಕ್ಲೋನ್ ಕೈಕೊಡುವ ಜಾಗಗಳು ಗೊತ್ತಿರುವಂಥವೇ. ಪಿಸ್ಟನ್‌ನ ಒ-ರಿಂಗ್ ಒಣಗಿದರೆ ಅಥವಾ ಟ್ಯಾಂಕ್ ಖಾಲಿಯಾಗುತ್ತಾ ಬಂದರೆ ಪಿಸ್ಟನ್ ಪೂರ್ತಿ ದೂರ ಹೋಗುವುದಿಲ್ಲ. ಚಕ್ರ ಮುಕ್ಕಾಲು ತಿರುಗಿ ನಿಂತಾಗ ಬಾಲ್ ಬ್ರೀಚ್ ಬಾಯಲ್ಲಿ ಅರ್ಧ ತೂಗುತ್ತಿರುತ್ತದೆ, ಮುಂದಿನ ಹೊಡೆತಕ್ಕೆ ಚಾಪ್. ಚಳಿಯ ಬೆಳಗಿನಲ್ಲಿ ಸಿಒ2 ಒತ್ತಡ ಇಳಿದಾಗಲೂ ಇದೇ ಕತೆ. ಒಮ್ಮೆ ಒಳಗೆ ಬಾಲ್ ಒಡೆದರೆ ಬಣ್ಣ ರಾಚೆಟ್ ಕೆಳಗೆ ಅಂಟಿ ಗಟ್ಟಿಯಾಗುತ್ತದೆ, ಆಮೇಲೆ ಒಂದರ ಹಿಂದೆ ಒಂದು ಒಡೆಯುತ್ತ ಹೋಗುತ್ತವೆ. ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುವುದೇ ದಾರಿ. ಸಿಪ್ಪೆ ಜೆಲಾಟಿನ್, ಬಿಸಿನೀರಿಗೆ ಕರಗುತ್ತದೆ. ಒಣಗಿದ ಮೇಲೆ ಪಿಸ್ಟನ್‌ಗೆ ಪೇಂಟ್‌ಬಾಲ್ ಮಾರ್ಕರ್‌ಗೆಂದೇ ಬರುವ ಎಣ್ಣೆಯ ಎರಡು ಹನಿ ಬಿಡಿ. ಡಬ್ಬಿಯಿಂದ ಸಿಂಪಡಿಸುವ ಡಬ್ಲ್ಯುಡಿ-40 ಥರದ್ದು ಹತ್ತಿರವೂ ತರಬೇಡಿ, ಒ-ರಿಂಗ್ ಉಬ್ಬಿ ಹಾಳಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಚಕ್ರದ ಬದಲು ಮೆತ್ತನೆ ರಬ್ಬರ್ ಪ್ಯಾಡಲ್‌ನ ಚಕ್ರ ಹಾಕಿದರೆ ಪೆಡಸು ಪೇಂಟ್ ಒಡೆಯುವುದು ತಗ್ಗುತ್ತದೆ.

98 ಕಸ್ಟಮ್‌ಗೂ ಸೈಕ್ಲೋನ್ ಕಿಟ್ ಇದೆ. ಆದರೆ 98ರಲ್ಲಿ ಹಲವು ಪೀಳಿಗೆಗಳಿವೆ, ನಿಮ್ಮ ರಿಸೀವರ್‌ಗೆ (ಮಾರ್ಕರ್‌ನ ಹೊರಮೈ) ಹೊಂದುವುದೇ ಎಂದು ಕೈಪಿಡಿ ಎದುರಿಟ್ಟು ನೋಡಿಯೇ ಕೊಳ್ಳಿ. ಹಾಕಲು ರಿಸೀವರ್‌ನ ಎರಡು ಹೋಳು ಬಿಚ್ಚಬೇಕು. ಒಂದು ಹೋಳನ್ನು ಮಲಗಿಸಿ ಇನ್ನೊಂದನ್ನು ನೇರ ಮೇಲಕ್ಕೆತ್ತಿ, ಏನನ್ನೂ ಮುಟ್ಟುವ ಮುನ್ನ ಒಂದು ಫೋಟೋ ತೆಗೆದುಕೊಳ್ಳಿ. ಸ್ಪ್ರಿಂಗ್‌ಗಳು ಹಾರಿ ಹೋದರೆ ಯಾವುದು ಎಲ್ಲಿತ್ತು ಎಂದು ಹುಡುಕುತ್ತಾ ಕೂರುವಂತಾಗುತ್ತದೆ. ನನ್ನನ್ನು ಕೇಳಿದರೆ, ಸೈಕ್ಲೋನೇ ಬೇಕೆಂದಿದ್ದರೆ ಕಿಟ್‌ಗಿಂತ ಒಳ್ಳೆಯ ಸ್ಥಿತಿಯ ಸೆಕೆಂಡ್‌ಹ್ಯಾಂಡ್ ಎ-5 ವಾಸಿ. ಅದು ಈ ಫೀಡ್ ಸುತ್ತಲೇ ಕಟ್ಟಿದ ಮಾರ್ಕರ್.

ವಾರ್ಪ್ ಫೀಡ್ ಮೋಟಾರಿನದು. ಆಟೋಮ್ಯಾಗ್ ಮಾರ್ಕರ್ ಮಾಡಿದ ಏರ್‌ಗನ್ ಡಿಸೈನ್ಸ್ ಕಂಪನಿಯದು. ಮಾರ್ಕರ್ ಪಕ್ಕಕ್ಕೆ ಒಂದು ಪೆಟ್ಟಿಗೆ, ಅದರ ಮೇಲೆ ಹಾಪರ್, ಒಳಗೆ ತಿರುಗುವ ಮೆತ್ತನೆ ಡಿಸ್ಕ್‌ಗಳು ಬಾಲನ್ನು ಹಿಡಿದು ಬಾಗುವ ಹೋಸ್ ಮೂಲಕ ಬ್ರೀಚ್‌ಗೆ ಏರಿಸುತ್ತವೆ. ಹೊಡೆತದ ಅದುರು ಗ್ರಹಿಸಿ, ಇಲ್ಲವೇ ಮಾರ್ಕರ್‌ನಿಂದ ಬರುವ ತಂತಿಯ ಸಂಕೇತದಿಂದ ಮೋಟಾರ್ ತಿರುಗುತ್ತದೆ. ತನ್ನ ಕಾಲದಲ್ಲಿ ಮರದ ಪಕ್ಕದಿಂದ ಇಣುಕಿ ಹೊಡೆಯುವವರಿಗೆ ವರದಾನವಾಗಿತ್ತು. ಈಗ ಹಳೆಯದು, ಭಾರ, ಮೇಲಾಗಿ ಬಿಡಿಭಾಗಕ್ಕೆ ಅಲೆಯಬೇಕು.

ಕ್ಯೂ-ಲೋಡರ್ ಸ್ಪ್ರಿಂಗಿನದು. ನೂರು ಬಾಲ್ ಹಿಡಿಯುವ ಉದ್ದ ಕೊಳವೆ, ಒಳಗೆ ಸುರುಳಿ ದಾರಿ, ತುದಿಯಲ್ಲಿ ಸುತ್ತಿ ಬಿಗಿದ ಸ್ಪ್ರಿಂಗ್. ತಲೆಕೆಳಗೆ ಹಿಡಿದರೂ ಫೀಡ್ ನಿಲ್ಲುವುದಿಲ್ಲ, ಸದ್ದಿಲ್ಲ, ಬ್ಯಾಟರಿ ಇಲ್ಲ, ಕಾಡಿನ ಆಟಕ್ಕೆ ಹೇಳಿ ಮಾಡಿಸಿದ್ದು. ತೊಂದರೆ ಇರುವುದು ಕಾಯುವಾಗ. ಬಿಗಿದ ಸ್ಪ್ರಿಂಗ್ ಕೆಳಗೆ ನೂರು ಬಾಲ್ ಒತ್ತಿಕೊಂಡು ಕೂತಿರುತ್ತವೆ, ಟೆಕ್ಸಾಸ್ ಬೇಸಿಗೆಯ ಮಧ್ಯಾಹ್ನ ಜೆಲಾಟಿನ್ ಮೆತ್ತಗಾಗಿ ಒಂದಕ್ಕೊಂದು ತಾಗಿದ ಕಡೆ ಚಪ್ಪಟೆ ಗುಳಿ ಬೀಳುತ್ತದೆ. ಗುಳಿ ಬಿದ್ದ ಬಾಲ್ ನೇರ ಹೋಗುವುದಿಲ್ಲ. ಒಂದು ಒಳಗೆ ಒಡೆದರೆ ಇಡೀ ಕೊಳವೆ (ಪಾಡ್) ಬಿಚ್ಚಿ ತೊಳೆಯಬೇಕು, ಆ ದಿನದ ಮಟ್ಟಿಗೆ ಅದು ಮುಗಿಯಿತು. ಹಿಂದಿನ ರಾತ್ರಿ ತುಂಬಿಡದೆ ಆಟಕ್ಕೆ ಸ್ವಲ್ಪ ಮುಂಚೆ ತುಂಬುವ ಶಿಸ್ತು ಇರುವವರಿಗೆ ಮಾತ್ರ ಇದು.

ಹೋಸ್ ಇರುವ ಯಾವ ವ್ಯವಸ್ಥೆಗೂ ಒಂದೇ ನಿಯಮ, ಮನೆಯಲ್ಲೇ ಜೋಡಿಸುವವರು ಹೆಚ್ಚಾಗಿ ಎಡವುವುದೂ ಇಲ್ಲೇ. ಒಳವ್ಯಾಸ ಬಾಲ್‌ಗಿಂತ ಸುಮಾರು ಹತ್ತನೇ ಒಂದು ಪಾಲು ದೊಡ್ಡದಿರಬೇಕು. ಮುಕ್ಕಾಲು ಇಂಚಿನ ಹೋಸ್‌ನ ಒಳವ್ಯಾಸ 19 ಮಿಮೀ, ಸರಿಯಾಗಿ ಹೊಂದುತ್ತದೆ. ಒಂದು ಇಂಚಿನದು ಹಾಕಿದರೆ ಬಾಲ್‌ಗಳು ಓರೆಕೋರೆಯಾಗಿ ನಿಂತು, ಹಿಂದಿನಿಂದ ತಳ್ಳಿದಷ್ಟೂ ಗೋಡೆಗೆ ಒತ್ತಿ ಬಿಗಿಯಾಗುತ್ತವೆ. ಬಾಗು ಒಂದೇ ಇರಲಿ, ದೊಡ್ಡದಾಗಿರಲಿ. ಆ ಕಡೆ ಈ ಕಡೆ ಎರಡು ತಿರುವು ಬೇಡ. ಒಳಗೆ ಎಣ್ಣೆ ಸವರಬೇಡಿ, ಎಣ್ಣೆ ತಾಗಿದ ಬಾಲ್ ಬ್ಯಾರಲ್‌ನಲ್ಲಿ ಹಾದಿ ತಪ್ಪುತ್ತದೆ.

ಮ್ಯಾಗಜಿನ್ ಕೂಡ ಸ್ಪ್ರಿಂಗಿನದೇ, ಆದರೆ ಚಿಕ್ಕದು. ಟಿಪ್‌ಮನ್ ಟಿಎಂಸಿ ಮಾರ್ಕರ್‌ನ ಒಂದು ಮ್ಯಾಗಜಿನ್‌ನಲ್ಲಿ 20 ಬಾಲ್, ಟಿಪಿಎಕ್ಸ್ ಪಿಸ್ತೂಲಿನದರಲ್ಲಿ 7. ನಿಮ್ಮ ಹಾಪರ್ ಹಿಡಿಯುವ 200 ಬಾಲ್‌ಗೆ ಹತ್ತು ಮ್ಯಾಗಜಿನ್ ಸೊಂಟಕ್ಕೆ ಕಟ್ಟಬೇಕು. ತಲೆಯ ಮೇಲೆ ಏನೂ ಕಾಣಿಸದು, ಮಲಗಿ ಹೊಡೆಯಬಹುದು, ಗುರಿಯ ಗೆರೆ ಪೂರ್ತಿ ನಿಮ್ಮದು. ಆಟ ಮಾತ್ರ ಬದಲಾಗುತ್ತದೆ. ಎದುರಾಳಿಯನ್ನು ತಲೆ ಎತ್ತದಂತೆ ಸತತ ಹೊಡೆಯುತ್ತ ಹಿಡಿದಿಡುವ ಕೆಲಸ ಇದರಿಂದ ಆಗದು. ರೆಕ್ಕೆಯಿರುವ ಫಸ್ಟ್ ಸ್ಟ್ರೈಕ್ ಗುಂಡುಗಳನ್ನು ಹೊಡೆಯುವ ಆಸೆಯಿದ್ದರೆ ಇದೇ ದಾರಿ, ಅವುಗಳಿಗೆ ಹೊಂದುವ ಮ್ಯಾಗಜಿನ್ ಮತ್ತು ಮಾರ್ಕರ್ ನೋಡಿಕೊಂಡು. ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಕೂರಬೇಕಾದ್ದರಿಂದ ಹಾಪರ್‌ನಲ್ಲೋ ಸೈಕ್ಲೋನ್‌ನಲ್ಲೋ ಅವು ಓಡುವುದಿಲ್ಲ. ಮ್ಯಾಗಜಿನ್ ಮಣ್ಣಿಗೆ ಬಿದ್ದರೆ ಹಾಗೇ ತುರುಕಬೇಡಿ. ಬಾಯಲ್ಲಿ ಕೂತ ಒಂದು ಮರಳ ಕಾಳು ಸಾಕು, ಬಾಲ್‌ನ ಸಿಪ್ಪೆ ಗೀರಿ ಬ್ಯಾರಲ್‌ನಲ್ಲಿ ಒಡೆಯುತ್ತದೆ.

ಹತ್ತು ಬಾಲ್‌ನಲ್ಲಿ ಆಡುವುದು ಹೊಸದೇನಲ್ಲ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ ನಡೆದ ಮೊದಲ ಆಟದಲ್ಲಿ ಹನ್ನೆರಡು ಜನ ಹಿಡಿದದ್ದು ಮರ ಮತ್ತು ದನಗಳಿಗೆ ಗುರುತು ಹಾಕಲು ಮಾಡಿದ ನೆಲ್-ಸ್ಪಾಟ್ 007. ಕೊಳವೆಯಿಂದ ತುಂಬಿ, ಪ್ರತಿ ಸಲವೂ ವಾಲಿಸಿ ಬಾಲ್ ಉರುಳಿಸಿಕೊಳ್ಳಬೇಕಿತ್ತು. ಗೆದ್ದ ರಿಚಿ ವೈಟ್ ಒಂದು ಬಾಲನ್ನೂ ಹೊಡೆದಿರಲಿಲ್ಲ. ಇವತ್ತಿಗೂ ಪ್ರತಿ ಹೊಡೆತಕ್ಕೂ ಕೈಯಿಂದ ಎಳೆಯುವ ಪಂಪ್ ಮಾರ್ಕರ್, ಅಡ್ಡ ಕೊಳವೆ, 12 ಗ್ರಾಂ ಸಿಒ2 ಎಂಬ ಸ್ಟಾಕ್ ಕ್ಲಾಸ್ ಆಡುವವರಿದ್ದಾರೆ. ಅವರ ಬಾಲ್ ಒಡೆಯುವುದು ಅಪರೂಪ, ಏಕೆಂದರೆ ಬಾಲ್ ಕೂತಿತೋ ಇಲ್ಲವೋ ಎಂದು ಕೈಯೇ ಹೇಳುತ್ತದೆ.

ಪೇಂಟ್ ವಿಷಯ ಬಿಡುವಂತಿಲ್ಲ. ಕಾರಿನ ಡಿಕ್ಕಿಯಲ್ಲಿ ಬಿಟ್ಟ ಚೀಲವನ್ನು ಯಾವ ಫೀಡ್ ಕೂಡ ಉದ್ಧಾರ ಮಾಡದು. ಮನೆಯೊಳಗೆ ತಂಪಾದ, ಒಣ ಜಾಗದಲ್ಲಿಡಿ, ವಾರಕ್ಕೊಮ್ಮೆ ಚೀಲ ಮಗುಚಿ. ಬ್ಯಾರಲ್ ಬಿಚ್ಚಿ ಒಂದು ಬಾಲ್ ಹಾಕಿ ನೋಡಿ: ತಾನಾಗಿ ಉರುಳಿ ಹೋದರೆ ಸಡಿಲ, ಬೆರಳಿಂದ ಒತ್ತಬೇಕಾದರೆ ಬಿಗಿ, ಬಾಯಿಂದ ಮೆಲ್ಲಗೆ ಊದಿದರೆ ಹೊರಟರೆ ಸರಿ. ಸಿಒ2 ಬಗ್ಗೆಯೂ ಒಂದು ಮಾತು. 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ಯಾಂಕ್‌ನಲ್ಲಿ ದ್ರವ ಉಳಿಯುವುದೇ ಇಲ್ಲ, ಒತ್ತಡ ಸರ್ರನೆ ಏರುತ್ತದೆ. ಬೆಳಿಗ್ಗೆ ಬಾಲ್‌ನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಸೆಕೆಂಡಿಗೆ 280 ಅಡಿ, ಅಂದರೆ ಸುಮಾರು 85 ಮೀಟರ್ ಇದ್ದದ್ದು ಮಧ್ಯಾಹ್ನಕ್ಕೆ ಮಿತಿ ದಾಟಿರುತ್ತದೆ. ನಿಮ್ಮ ಊರಿನ ಬೇಸಿಗೆಗೆ ಫೀಡ್‌ಗಿಂತ ಮೊದಲು ಹೈ ಪ್ರೆಶರ್ ಏರ್ ಟ್ಯಾಂಕ್ ಕೊಳ್ಳಿ. ರೆಗ್ಯುಲೇಟರ್‌ನಿಂದ ಒತ್ತಡ ಒಂದೇ ಸಮ ಇರುತ್ತದೆ, ಮುಂದೆ ಸೈಕ್ಲೋನ್ ಹಾಕಿದರೆ ಅದರ ಪಿಸ್ಟನ್‌ಗೂ ಒಳ್ಳೆಯದು.

ಹಾಗಾಗಿ ಈ ಕ್ರಮದಲ್ಲಿ ಹೋಗಿ: ಹೊಸ ಡಿಟೆಂಟ್, ತಾಜಾ ಪೇಂಟ್, ಏರ್ ಟ್ಯಾಂಕ್, ಕಲಕುವ ಹಾಪರ್. ಇಷ್ಟಕ್ಕೆ ಚಾಪ್ ನಿಂತರೆ ಉಳಿದದ್ದು ಹಾಪರ್ ಏಟು. ಅದಕ್ಕೆ ಎರಡೇ ಆಯ್ಕೆ ಹೇಳುತ್ತೇನೆ. ಈಗಿನಂತೆಯೇ ಇನ್ನೂರು ಬಾಲ್ ಹೊಡೆಯುವ ಆಟವೇ ಬೇಕಾದರೆ ಎ-5. ಕದ್ದು ಹತ್ತಿರ ಹೋಗಿ ಎಣಿಸಿ ಹೊಡೆಯುವ ಆಟ ಇಷ್ಟವಾದರೆ ಟಿಎಂಸಿ, ಅದಕ್ಕೆ ಬೇಕೆಂದಾಗ ಹಾಪರ್ ಕೂಡ ಹಾಕಬಹುದು.

ಯಾವುದನ್ನೇ ಹಾಕಿದರೂ ಮೊದಲ ದಿನ ಕ್ರೋನೋಗ್ರಾಫ್ ಮುಂದೆ ನಿಂತು ವೇಗ ಮತ್ತೆ ಹೊಂದಿಸಿ. ಸೈಕ್ಲೋನ್ ಗ್ಯಾಸಿನಲ್ಲಿ ಪಾಲು ಪಡೆಯುವುದರಿಂದ ಹಿಂದಿನ ಅಂಕೆ ನಂಬುವಂತಿಲ್ಲ. ಆಟ ಮುಗಿಸಿ ಬರುವಾಗ ಹಾಪರ್ ತೆಗೆದೆ, ಪಾಡ್ ಕಳಚಿದೆ, ಮಾರ್ಕರ್ ಖಾಲಿ ಎಂದು ತಿಳಿಯಬೇಡಿ. ಒಂದಡಿ ಹೋಸ್‌ನಲ್ಲಿ ಹದಿನೇಳು ಬಾಲ್ ನಿಂತಿರುತ್ತವೆ, ಸೈಕ್ಲೋನ್‌ನ ಹಲ್ಲುಗಳ ನಡುವೆ ಒಂದೆರಡು, ಮ್ಯಾಗಜಿನ್ ಎಳೆದ ಮೇಲೂ ಬ್ರೀಚ್‌ನಲ್ಲಿ ಒಂದು. ಹೊಡೆಯಲು ಬಿಟ್ಟಿರುವ ಜಾಗದಲ್ಲೇ, ಮಾಸ್ಕ್ ತೆಗೆಯದೆ, ಬರೀ ಗ್ಯಾಸಿನ ಸದ್ದು ಬರುವ ತನಕ ಹೊಡೆದು, ಬ್ಯಾರಲ್ ಕವರ್ ಹಾಕಿ, ಆಮೇಲೆ ಟ್ಯಾಂಕ್ ಬಿಚ್ಚಿ.